ಒಂದೇ ಅಚ್ಚಿನ ನಾಲ್ಕು ಊರು

2024ರ ಜುಲೈ 26ರಂದು ದೆಹಲಿಯಲ್ಲಿ ಸೇರಿದ್ದ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ಅಸ್ಸಾಮಿನ ಅಹೋಮ್ ಅರಸರ ಮೊಯ್ದಾಮ್ ಸಮಾಧಿಗಳನ್ನು ತನ್ನ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸುದ್ದಿಯಾದದ್ದು ಅದು. ಅದೇ ದಿನ ಅದೇ ಸಭೆ ಇನ್ನೊಂದು ನಿರ್ಧಾರಕ್ಕೂ ಬಂತು. ಜರ್ಮನಿಯ ಹೆರ್ನ್‌ಹೂಟ್, ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್, ಉತ್ತರ ಐರ್ಲೆಂಡಿನ ಗ್ರೇಸ್‌ಹಿಲ್ ಎಂಬ ಮೂರು ಊರುಗಳನ್ನು ಡೆನ್ಮಾರ್ಕಿನ ಕ್ರಿಸ್ಟಿಯಾನ್ಸ್‌ಫೆಲ್ಡ್ ಜೊತೆಗೆ ಸೇರಿಸಿ ‘ಮೊರೇವಿಯನ್ ಚರ್ಚ್ ವಸಾಹತುಗಳು’ ಎಂದು ಒಂದೇ ಹೆಸರಿನಲ್ಲಿ ದಾಖಲಿಸಿತು. ಕ್ರಿಸ್ಟಿಯಾನ್ಸ್‌ಫೆಲ್ಡ್ 2015ರಿಂದಲೇ ಪಟ್ಟಿಯಲ್ಲಿತ್ತು.

ಹಲವು ತಾಣಗಳನ್ನು ಒಟ್ಟಿಗೆ ಸೇರಿಸುವುದು ಹೊಸದೇನಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳೂ ಹೀಗೆಯೇ ಒಟ್ಟಾಗಿ ಸೇರಿದವು. ಆದರೆ ಅವು ಒಂದೇ ಮನೆತನ ಆಳಿದ ನಾಡಿನವು. ಇಲ್ಲಿ ಊರು ನಾಲ್ಕು, ದೇಶವೂ ನಾಲ್ಕು, ನಡುವೆ ಅಟ್ಲಾಂಟಿಕ್ ಸಾಗರ ಬೇರೆ. ಅವನ್ನು ಒಂದಾಗಿಸಿರುವುದು ಅರಸನ ಹೆಸರಲ್ಲ, ಶಿಲ್ಪದ ಶೈಲಿಯೂ ಪೂರ್ತಿಯಾಗಿ ಅಲ್ಲ. ಬೀದಿ ಹೇಗಿರಬೇಕು, ಯಾರು ಯಾರೊಂದಿಗೆ ವಾಸಿಸಬೇಕು, ಸತ್ತವರನ್ನು ಎಲ್ಲಿ ಮಲಗಿಸಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡ ಒಂದು ಅಚ್ಚು. ಆ ಅಚ್ಚು ತಯಾರಾದದ್ದು ಹೆರ್ನ್‌ಹೂಟ್‌ನಲ್ಲಿ. ಜರ್ಮನಿಯ ಸ್ಯಾಕ್ಸನಿಯಲ್ಲಿ, ಪೋಲೆಂಡ್ ಮತ್ತು ಚೆಕ್ ಗಡಿಗಳ ಹತ್ತಿರ ಇರುವ ಈ ಪುಟ್ಟ ಊರಿನಲ್ಲಿ, ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ, ಇವತ್ತಿಗೆ ಸುಮಾರು ಆರು ಸಾವಿರ ಜನರಿದ್ದಾರೆ.

ಕಥೆ ಶುರುವಾಗುವುದು ಗಡಿಯ ಆಚೆ, ಈಗಿನ ಚೆಕ್ ದೇಶದಲ್ಲಿ. ಚರ್ಚಿನ ಭ್ರಷ್ಟತೆಯನ್ನು ಎದುರಿಸಿದ ಪ್ರಾಗ್‌ನ ಉಪದೇಶಕ ಯಾನ್ ಹುಸ್‌ನನ್ನು 1415ರಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ಮಾರ್ಟಿನ್ ಲೂಥರ್‌ಗೆ ನೂರು ವರ್ಷ ಮೊದಲಿನ ಮಾತಿದು. ಹುಸ್‌ನ ವಿಚಾರ ನಂಬಿದವರಲ್ಲಿ ಒಂದು ಗುಂಪು 1457ರಲ್ಲಿ ಬೊಹೀಮಿಯಾದ ಕುನ್ವಾಲ್ಡ್ ಎಂಬ ಹಳ್ಳಿಯಲ್ಲಿ ‘ಸೋದರರ ಒಕ್ಕೂಟ’ ಕಟ್ಟಿಕೊಂಡಿತು. ಬೈಬಲ್ಲನ್ನು ಚೆಕ್ ಭಾಷೆಗೆ ತಂದವರು, ಶಾಲೆಗಳನ್ನು ತೆರೆದವರು ಇವರು. ಆಧುನಿಕ ಶಿಕ್ಷಣಶಾಸ್ತ್ರದ ಪಿತಾಮಹರ ಸಾಲಿನಲ್ಲಿ ನೆನೆಯುವ ಕೊಮೆನಿಯಸ್ ಇವರದೇ ಬಿಷಪ್. 1620ರಲ್ಲಿ ಪ್ರಾಗ್ ಸಮೀಪದ ಬಿಳಿಗುಡ್ಡದ ಯುದ್ಧದಲ್ಲಿ ಪ್ರೊಟೆಸ್ಟೆಂಟರು ಸೋತ ಮೇಲೆ ಈ ಪಂಥಕ್ಕೆ ನೆಲೆಯಿಲ್ಲದಾಯಿತು. ಕೆಲವರು ದೇಶ ಬಿಟ್ಟರು. ಉಳಿದವರು ಹೊರಗೆ ಕ್ಯಾಥೊಲಿಕರಾಗಿ, ಮನೆಯೊಳಗೆ ಮುಚ್ಚಿಟ್ಟ ಪುಸ್ತಕ ಓದುತ್ತಾ ನೂರು ವರ್ಷ ಕಳೆದರು.

ಅಂಥವರನ್ನು ಗಡಿ ದಾಟಿಸಿದವನು ಕ್ರಿಶ್ಚಿಯನ್ ಡೇವಿಡ್ ಎಂಬ ಬಡಗಿ. ಈಗಿನ ಚೆಕ್ ದೇಶದ್ದೇ ಭಾಗವಾದ ಮೊರೇವಿಯಾದಲ್ಲಿ ಹುಟ್ಟಿ ಊರೂರು ಅಲೆದವನು. ಸ್ಯಾಕ್ಸನಿಯಲ್ಲಿ ಅವನಿಗೆ ನಿಕೊಲಾಸ್ ಲುಡ್ವಿಗ್ ಫಾನ್ ಜಿನ್ಜೆನ್‌ಡಾರ್ಫ್ ಎಂಬ ತರುಣ ಕೌಂಟ್ ಸಿಕ್ಕ. ಕೌಂಟನಿಗೆ ಆಗ 22 ವರ್ಷ. ಅಜ್ಜಿಯಿಂದ ಬೆರ್ತೆಲ್ಸ್‌ಡಾರ್ಫ್ ಜಹಗೀರನ್ನು ಕೊಂಡುಕೊಂಡು ಆಗಷ್ಟೇ ಜಮೀನುದಾರನಾಗಿದ್ದ. ಮೊರೇವಿಯಾದಿಂದ ರಾತ್ರೋರಾತ್ರಿ ಹೊರಟ ನೈಸರ್ ಕುಟುಂಬದವರಿಗೆ ಅವನ ಜಹಗೀರಿನಲ್ಲಿ ಹುಟ್‌ಬರ್ಗ್ ಎಂಬ ಗುಡ್ಡದ ಮಗ್ಗುಲಲ್ಲಿ ಜಾಗ ಸಿಕ್ಕಿತು. 1722ರ ಜೂನ್ 17ರಂದು ಕ್ರಿಶ್ಚಿಯನ್ ಡೇವಿಡ್ ಅಲ್ಲಿ ಮೊದಲ ಮರ ಕಡಿದ. ಅದೇ ಊರಿನ ಹುಟ್ಟುದಿನ. ದೇವರ ಕಾವಲಿನಲ್ಲಿರುವ ಊರು ಎಂಬ ಅರ್ಥದಲ್ಲಿ ಅದಕ್ಕೆ ಹೆರ್ನ್‌ಹೂಟ್ ಎಂದು ಹೆಸರಿಟ್ಟರು.

ನಿರಾಶ್ರಿತರ ಊರು ತಾನೇ, ಎಲ್ಲರೂ ಅನ್ಯೋನ್ಯವಾಗಿದ್ದರು ಎಂದುಕೊಂಡರೆ ತಪ್ಪು. ಮೊರೇವಿಯಾದವರ ಹಿಂದೆ ಬೇರೆ ಬೇರೆ ಪಂಥಗಳ ಅತೃಪ್ತರೂ ಬಂದು ಸೇರಿಕೊಂಡರು. ಐದೇ ವರ್ಷದಲ್ಲಿ ಊರು ಒಡೆಯುವ ಸ್ಥಿತಿಗೆ ಬಂತು. ಯಾರ ನಂಬಿಕೆ ಶುದ್ಧ, ಯಾರ ಮಾತು ನಡೆಯಬೇಕು ಎಂಬ ಜಗಳ. ಕೊನೆಗೆ ಕೌಂಟ್ ಡ್ರೆಸ್ಡೆನ್ ಆಸ್ಥಾನದ ಕೆಲಸ ಬದಿಗಿಟ್ಟು ಬಂದು ಊರಲ್ಲೇ ಕೂತ. ಮನೆಮನೆಗೆ ಹೋಗಿ ಮಾತಾಡಿಸಿದ. 1727ರ ಮೇ 12ರಂದು ಊರವರು ಒಂದು ಲಿಖಿತ ಕರಾರಿಗೆ ಒಪ್ಪಿದರು. ಅದೇ ವರ್ಷ ಆಗಸ್ಟ್ 13ರಂದು ಬೆರ್ತೆಲ್ಸ್‌ಡಾರ್ಫ್ ಚರ್ಚಿನಲ್ಲಿ ಒಟ್ಟಿಗೆ ಪ್ರಭುಭೋಜನ ಪಡೆದು ರಾಜಿಯಾದರು. ಮೊರೇವಿಯನ್ನರು ಇವತ್ತಿಗೂ ಆ ದಿನವನ್ನು ತಮ್ಮ ಸಭೆಯ ಮರುಹುಟ್ಟಿನ ದಿನವೆಂದು ಆಚರಿಸುತ್ತಾರೆ. ಅದೇ ತಿಂಗಳು 24 ಗಂಡಸರು, 24 ಹೆಂಗಸರು ಗಂಟೆಗಳನ್ನು ಹಂಚಿಕೊಂಡು ಹಗಲಿರುಳು ಪ್ರಾರ್ಥನೆ ಶುರುಮಾಡಿದರು. ಪಾಳಿ ಬದಲಾಗುತ್ತಾ ಅದು ನೂರು ವರ್ಷ ದಾಟಿತು.

ಈ ಊರಿನ ಸ್ವಭಾವ ಹಿಡಿಯಬೇಕಾದರೆ ಆ ಕರಾರನ್ನು ಮರೆಯಬಾರದು. ಜಗಳದಿಂದ ಪಾರಾಗಲು ಅವರು ಹುಡುಕಿಕೊಂಡ ದಾರಿ ವ್ಯವಸ್ಥೆ. ಮುಂದೆ ಬಂದ ಪ್ರತಿಯೊಂದು ಪದ್ಧತಿಯಲ್ಲೂ ಅದರ ನೆರಳಿದೆ.

ಮೊದಲನೆಯದು ವಾಸದ ಪದ್ಧತಿ. ಊರಿನವರನ್ನು ವಯಸ್ಸು, ಲಿಂಗ, ಮದುವೆಯ ಸ್ಥಿತಿ ನೋಡಿ ಬಳಗಗಳಾಗಿ ವಿಂಗಡಿಸಿದರು. ಮಕ್ಕಳು, ಹುಡುಗರು, ಹುಡುಗಿಯರು, ಮದುವೆಯಾಗದ ಸೋದರರು, ಮದುವೆಯಾಗದ ಸೋದರಿಯರು, ದಂಪತಿಗಳು, ವಿಧುರರು, ವಿಧವೆಯರು. ಸೋದರರಿಗೆ ಒಂದು ದೊಡ್ಡ ಮನೆ, ಸೋದರಿಯರಿಗೆ ಇನ್ನೊಂದು, ವಿಧವೆಯರಿಗೆ ಮತ್ತೊಂದು. ಅಲ್ಲೇ ಊಟ, ನಿದ್ದೆ, ಕೆಲಸ, ಪ್ರಾರ್ಥನೆ. ಹೆಂಗಸರ ಬಿಳಿ ಟೊಪ್ಪಿಗೆಯ ದಾರ ನೋಡಿಯೇ ಯಾರು ಯಾವ ಬಳಗ ಎಂದು ಹೇಳಬಹುದಿತ್ತು. ಅವಿವಾಹಿತೆಗೆ ಗುಲಾಬಿ, ಗೃಹಿಣಿಗೆ ನೀಲಿ, ವಿಧವೆಗೆ ಬಿಳಿ. ಸೋದರಿಯರ ಮನೆಯಲ್ಲಿ ನೇಯ್ಗೆ, ಕಸೂತಿಯ ಜೊತೆಗೆ ಬಣ್ಣ ಬೆರೆಸಿದ ಗೋಂದನ್ನು ಕಾಗದದ ಮೇಲೆ ಹಚ್ಚಿ, ಅದು ಹಸಿಯಿರುವಾಗಲೇ ವಿನ್ಯಾಸ ಎಳೆಯುವ ಕೆಲಸ ನಡೆಯುತ್ತಿತ್ತು. ಪುಸ್ತಕಗಳ ರಟ್ಟಿಗೆ ಅಂಟಿಸುವ ಆ ‘ಹೆರ್ನ್‌ಹೂಟ್ ಕಾಗದ’ ಯುರೋಪಿನಲ್ಲೆಲ್ಲ ಹೆಸರಾಯಿತು. ಅಬ್ರಹಾಂ ಡ್ಯೂರ್ನಿಂಗರ್ ಎಂಬ ವ್ಯಾಪಾರಿ 1747ರಿಂದ ಊರಿನ ಅಂಗಡಿ ನಡೆಸಿ, ಲಿನನ್ ಬಟ್ಟೆಯನ್ನು ದೂರದೇಶಗಳಿಗೆ ಕಳಿಸಿದ. ಅವನ ಹೆಸರಿನ ಕಂಪನಿ ಈಗಲೂ ಇದೆ.

ಹೆಂಗಸರಿಗೆ ಅಂದಿನ ಯುರೋಪಿನಲ್ಲಿ ಅಪರೂಪವಾಗಿದ್ದ ಅಧಿಕಾರ ಇಲ್ಲಿ ಸಿಕ್ಕಿತು. ಸೋದರಿಯರ ಮೇಲ್ವಿಚಾರಣೆಗೆ ಸೋದರಿಯರೇ ಇರಬೇಕೆಂಬುದು ನಿಯಮ. ಅನ್ನಾ ನಿಚ್‌ಮಾನ್ ಎಂಬ ಹುಡುಗಿ 1730ರಲ್ಲಿ ಹಿರಿಯಳ ಪಟ್ಟಕ್ಕೆ ಆಯ್ಕೆಯಾದಾಗ ಅವಳಿಗೆ ಬರೀ 14 ವರ್ಷ. ಆಯ್ಕೆಯಾದದ್ದು ಚೀಟಿ ಎತ್ತುವುದರಿಂದ.

ಚೀಟಿ ಎತ್ತುವುದು ಈ ಊರಿನ ಎರಡನೆಯ ದೊಡ್ಡ ಪದ್ಧತಿ. ಯಾರು ಹಿರಿಯರಾಗಬೇಕು, ಯಾರು ಯಾವ ದೇಶಕ್ಕೆ ಹೋಗಬೇಕು, ಕೊನೆಗೆ ಯಾರು ಯಾರನ್ನು ಮದುವೆಯಾಗಬೇಕು ಎಂಬುದೂ ಚೀಟಿಯಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮಲ್ಲಿ ದೇವರ ಮೂರ್ತಿಯ ಮೇಲೆ ಹೂವಿಟ್ಟು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಪ್ರಸಾದ ಕೇಳುವವರಿಗೆ ಇದರ ಮನಸ್ಥಿತಿ ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಇಲ್ಲಿ ಕೇಳುತ್ತಿದ್ದುದು ಕುಟುಂಬವಲ್ಲ, ಸಭೆ. ಗಂಡಿನ ಇಷ್ಟ, ಹೆಣ್ಣಿನ ಇಷ್ಟ ಇದ್ದರೂ ಚೀಟಿ ಬೇಡವೆಂದರೆ ಮದುವೆಯಿಲ್ಲ. ಯಾರ ಪ್ರಭಾವವೂ ನಡೆಯದ ಈ ವಿಧಾನ ಮೊದಲ ತಲೆಮಾರಿಗೆ ನ್ಯಾಯವಾಗಿ ಕಂಡಿತು. ಮೂರನೆಯ ತಲೆಮಾರಿಗೆ ಅದೇ ಉಸಿರು ಕಟ್ಟಿಸಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ ಮದುವೆಗೆ ಚೀಟಿಯ ಕಡ್ಡಾಯ ಹೋಯಿತು.

ಮೂರನೆಯದು ಸಾವಿನ ಪದ್ಧತಿ. ಹುಟ್‌ಬರ್ಗ್ ಗುಡ್ಡದಲ್ಲಿ 1730ರಲ್ಲಿ ಮಾಡಿದ ಸ್ಮಶಾನಕ್ಕೆ ಇವರು ‘ದೇವರ ಹೊಲ’ ಎನ್ನುತ್ತಾರೆ. ಕತ್ತರಿಸಿ ಒಪ್ಪವಿಟ್ಟ ಲಿಂಡೆನ್ ಮರಗಳ ನಡುವೆ ನಡುದಾರಿ. ಒಂದು ಪಕ್ಕ ಸೋದರರು, ಇನ್ನೊಂದು ಪಕ್ಕ ಸೋದರಿಯರು. ಗಂಡಹೆಂಡಿರಾದರೂ ಜೊತೆಯಲ್ಲಿ ಮಲಗುವಂತಿಲ್ಲ, ಕುಟುಂಬದ ಗೋರಿ ಎಂಬುದಿಲ್ಲ. ಯಾರು ಮೊದಲು ಸತ್ತರೋ ಅವರಿಗೆ ಸಾಲಿನಲ್ಲಿ ಮುಂದಿನ ಜಾಗ. ತಲೆಯೆತ್ತಿ ನಿಲ್ಲುವ ಸ್ಮಾರಕವಿಲ್ಲ. ನೆಲಕ್ಕೆ ಮಲಗಿಸಿದ, ಒಂದೇ ಬಗೆಯ ಚಪ್ಪಡಿ ಕಲ್ಲು. ಅದರ ಮೇಲೆ ಹೆಸರು, ಹುಟ್ಟಿದ ಊರು, ಹುಟ್ಟಿದ ದಿನ, ಸತ್ತ ದಿನ. ಕುಲೀನ ಮನೆತನದವರೂ ಚಮ್ಮಾರರೂ ಅಕ್ಕಪಕ್ಕ. ಈ ನಿಯಮಕ್ಕೆ ಎದ್ದುಕಾಣುವ ಒಂದೇ ಅಪವಾದ ಜಿನ್ಜೆನ್‌ಡಾರ್ಫ್ ಮನೆಯವರದು. 1760ರಲ್ಲಿ ತೀರಿಕೊಂಡ ಕೌಂಟ್ ಮತ್ತು ಅವನ ಹತ್ತಿರದವರ ಗೋರಿಗಳು ನಡುದಾರಿಯಲ್ಲಿ ಎತ್ತರವಾಗಿಯೇ ಇವೆ.

ಸಾವಿನೊಂದಿಗೆ ಬರವಣಿಗೆಯೂ ಸೇರಿಕೊಂಡಿತ್ತು. ಪ್ರತಿಯೊಬ್ಬರೂ ತಮ್ಮ ಬದುಕಿನ ಕಥೆ ಬರೆದಿಡಬೇಕು, ಅದನ್ನು ಅಂತ್ಯಕ್ರಿಯೆಯಲ್ಲಿ ಓದಬೇಕು ಎಂಬುದು ರೂಢಿ. ಬರೆಯಲಾಗದವರು ಹೇಳಿ ಬರೆಸುತ್ತಿದ್ದರು. ಕೊನೆಯ ದಿನಗಳ ಭಾಗವನ್ನು ಮನೆಯವರೋ ಸಭೆಯವರೋ ಸೇರಿಸುತ್ತಿದ್ದರು. ಹೀಗಾಗಿ ನೇಕಾರರು, ಮನೆಗೆಲಸದವರು, ಬೊಂಬಾಯಿ ಬಂದರನ್ನೋ ಗ್ರೀನ್‌ಲ್ಯಾಂಡಿನ ಹಿಮವನ್ನೋ ಕಂಡ ಕುಶಲಕರ್ಮಿಗಳು, ಇವರೆಲ್ಲರ ಮಾತು ಹೆರ್ನ್‌ಹೂಟ್ ಪತ್ರಾಗಾರದಲ್ಲಿ ಉಳಿದಿದೆ. ಸಾಮಾನ್ಯರ ಬಾಯಲ್ಲೇ ಬಂದ ಇಂಥ ಸಾವಿರಾರು ಜೀವನಕಥೆಗಳು ಇತಿಹಾಸಕಾರರಿಗೆ ಬೇರೆಡೆ ಸಿಗುವುದು ಕಷ್ಟ.

ಇಷ್ಟೆಲ್ಲ ನಿಯಮಗಳಿದ್ದ ಊರು ಒಳಗೇ ಮುದುಡಿ ಕೂರಬಹುದಿತ್ತು. ಆದದ್ದು ತಿರುಗಾಮುರುಗ. 1731ರಲ್ಲಿ ಡೆನ್ಮಾರ್ಕಿನ ದೊರೆಯ ಪಟ್ಟಾಭಿಷೇಕಕ್ಕೆ ಕೋಪನ್‌ಹೇಗನ್ನಿಗೆ ಹೋಗಿದ್ದ ಕೌಂಟನಿಗೆ ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ನಿಂದ ಬಂದ ಆಂಟನ್ ಎಂಬ ಕಪ್ಪು ಸೇವಕ ಸಿಕ್ಕಿ, ಅಲ್ಲಿನ ಗುಲಾಮರ ಪಾಡು ಹೇಳಿದ. ಮರುವರ್ಷ ಆಗಸ್ಟಿನಲ್ಲಿ ಕುಂಬಾರ ಲಿಯೋನ್‌ಹಾರ್ಡ್ ಡೋಬರ್, ಬಡಗಿ ಡೇವಿಡ್ ನಿಚ್‌ಮಾನ್ ಅಲ್ಲಿಗೆ ಹೊರಟರು. ಊರಿಗೆ ಆಗ ಹತ್ತು ವರ್ಷ. 1733ರಲ್ಲಿ ಗ್ರೀನ್‌ಲ್ಯಾಂಡ್, 1735ರಲ್ಲಿ ಸುರಿನಾಮ್, 1737ರಲ್ಲಿ ದಕ್ಷಿಣ ಆಫ್ರಿಕಾ. ಹೋದವರು ಬಹುಪಾಲು ಕೈಕಸುಬಿನವರು. ದುಡಿದು ತಿನ್ನಬೇಕು, ಹಾಗೆಯೇ ಉಪದೇಶಿಸಬೇಕು.

ಜನ ಹೊರಟಂತೆ ಊರೂ ಹೊರಟಿತು. 1741ರಲ್ಲಿ ಬೆತ್ಲೆಹೆಮ್, 1759ರಲ್ಲಿ ಗ್ರೇಸ್‌ಹಿಲ್, 1773ರಲ್ಲಿ ಕ್ರಿಸ್ಟಿಯಾನ್ಸ್‌ಫೆಲ್ಡ್. ಎಲ್ಲಿ ಹೋದರೂ ನಡುವೆ ಚೌಕ, ಅದರ ಅಂಚಿನಲ್ಲಿ ಸಭಾಂಗಣ, ಸೋದರರ ಮನೆ, ಸೋದರಿಯರ ಮನೆ, ಊರಂಚಿಗೆ ದೇವರ ಹೊಲ. ಸಭಾಂಗಣವೆಂದರೆ ಬಿಳಿ ಗೋಡೆ, ಬಿಳಿ ಬೆಂಚು, ಪೂಜಾವೇದಿಕೆಯ ಬದಲು ಒಂದು ಸಾದಾ ಮೇಜು. ಒಂದು ಊರಿನಿಂದ ಇನ್ನೊಂದಕ್ಕೆ ವರ್ಗವಾಗಿ ಹೋದ ನೇಕಾರನಿಗೆ ಭಾಷೆ ಬಾರದಿದ್ದರೂ ದಾರಿ ತಪ್ಪುತ್ತಿರಲಿಲ್ಲ. ಈ ಅಚ್ಚಿನ ಬಲ ಎಷ್ಟೆಂಬುದಕ್ಕೆ ಹೆರ್ನ್‌ಹಾಗ್ ಸಾಕ್ಷಿ. 1738ರಲ್ಲಿ ಜರ್ಮನಿಯ ಪಶ್ಚಿಮ ಭಾಗದಲ್ಲಿ ಕಟ್ಟಿದ ಆ ಊರಿನವರಿಗೆ 1750ರಲ್ಲಿ ಅಲ್ಲಿನ ಆಡಳಿತ ಜಿನ್ಜೆನ್‌ಡಾರ್ಫ್‌ನನ್ನು ಬಿಡಿ, ಇಲ್ಲವೇ ಊರು ಬಿಡಿ ಎಂದಿತು. ಸುಮಾರು ಸಾವಿರ ಜನ ಮೂರು ವರ್ಷದೊಳಗೆ ಊರನ್ನೇ ಖಾಲಿಮಾಡಿ ಬೇರೆ ಬೇರೆ ಮೊರೇವಿಯನ್ ವಸಾಹತುಗಳಲ್ಲಿ ಸೇರಿಹೋದರು.

ಭಾರತಕ್ಕೂ ಅವರು ಬಂದರು. ಕೌಂಟ್ ಜರ್ಮನಿಯ ಹಾಲೆ ಊರಿನ ಶಾಲೆಯಲ್ಲಿ ಓದುವಾಗಲೇ ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಶ್ ಮಿಷನ್ನಿನ ಸುದ್ದಿ ಕೇಳಿ ಬೆಳೆದಿದ್ದ. ಮೊರೇವಿಯನ್ನರು 1760ರಲ್ಲಿ ಅದೇ ತರಂಗಂಬಾಡಿಗೆ ಬಂದು ‘ಸೋದರರ ತೋಟ’ ಮಾಡಿದರು. ಅದು 1803ರಲ್ಲಿ ಮುಚ್ಚಿತು. ಉಳಿದದ್ದು ಹಿಮಾಲಯದ ಕೆಲಸ. ಮಂಗೋಲಿಯಾಕ್ಕೆಂದು ಹೊರಟ ಹೈಡೆ ಮತ್ತು ಪಾಗೆಲ್ ಎಂಬಿಬ್ಬರು ಟಿಬೆಟ್ಟಿನ ಬಾಗಿಲು ತೆರೆಯದೆ 1856ರಲ್ಲಿ ಲಾಹೌಲ್‌ನ ಕೇಲಾಂಗ್‌ನಲ್ಲಿ ನೆಲೆ ನಿಂತರು. ಅವರನ್ನು ಕೂಡಿಕೊಂಡ ಯೇಶ್ಕೆ ರಚಿಸಿದ ಟಿಬೆಟನ್-ಇಂಗ್ಲಿಷ್ ನಿಘಂಟು 1881ರಲ್ಲಿ ಬಂತು. ಅವರ ನಂತರದ ಫ್ರಾಂಕೆ ಲಡಾಖಿನ ಶಾಸನ, ಜಾನಪದ ಸಂಗ್ರಹಿಸಿ, ಭಾರತೀಯ ಪುರಾತತ್ತ್ವ ಇಲಾಖೆಗೂ ಕೆಲಸ ಮಾಡಿದ. ಲೇಹ್‌ನಲ್ಲಿ ಮೊರೇವಿಯನ್ ಚರ್ಚು, ಶಾಲೆ ಈಗಲೂ ನಡೆಯುತ್ತಿವೆ. ಲಾಹೌಲ್‌ನ ಹೆಂಗಸರು ಹೆಣೆಯುವ ಬಣ್ಣದ ಉಣ್ಣೆ ಕಾಲುಚೀಲದ ಹೆಣಿಗೆ ಕಲಿಸಿದ್ದು ಈ ಮಿಷನ್ನಿನ ಹೆಂಗಸರೇ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಬೇರೆಯೇ ಸಂಸ್ಥೆ. ಆದರೂ ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ಸಭೆಯ ಜೊತೆಗೇ ಕಟ್ಟಿದ ಅದರ ರೀತಿಯಲ್ಲಿ ದುಡಿಮೆಯನ್ನೂ ಭಕ್ತಿಯನ್ನೂ ಬೆಸೆಯುವ ಅದೇ ಗುಣ ಕಾಣುತ್ತದೆ.

ಈ ಕಥೆಯ ಕಹಿ ಭಾಗ ಸೇಂಟ್ ಥಾಮಸ್‌ನಲ್ಲೇ ಇದೆ. ಗುಲಾಮರಿಗೆ ಉಪದೇಶಿಸಲು ಹೋದವರು ಕೆಲವೇ ವರ್ಷಗಳಲ್ಲಿ ಅಲ್ಲೊಂದು ತೋಟವನ್ನೇ ಕೊಂಡರು, ಅದರೊಂದಿಗೆ ಗುಲಾಮರನ್ನೂ. ಆತ್ಮಕ್ಕೆ ಸಮಾನತೆ, ದೇಹಕ್ಕೆ ಒಡೆಯ ಎಂಬ ಲೆಕ್ಕಾಚಾರ ಅವರಿಗೆ ವಿರೋಧಾಭಾಸವೆನಿಸಲಿಲ್ಲ. ಅದೇ ಹೊತ್ತಿನಲ್ಲಿ ಆ ದ್ವೀಪದ ರೆಬೆಕ್ಕಾ ಎಂಬ ಬಿಡುಗಡೆ ಪಡೆದ ಹೆಂಗಸು ಸಭೆಯ ಉಪದೇಶಕಿಯಾಗಿ, ಮುಂದೆ ಜರ್ಮನಿಗೂ ಆಮೇಲೆ ಪಶ್ಚಿಮ ಆಫ್ರಿಕಾಕ್ಕೂ ಹೋದಳು. ಬೆತ್ಲೆಹೆಮ್‌ನ ದೇವರ ಹೊಲದಲ್ಲಿ ಯುರೋಪಿನವರ ಪಕ್ಕದಲ್ಲೇ ಮೊಹಿಕನ್ ಮೂಲನಿವಾಸಿಗಳು, ಆಫ್ರಿಕನ್ನರು ಅದೇ ಬಗೆಯ ಕಲ್ಲಿನಡಿ ಮಲಗಿದ್ದಾರೆ. ಇನ್ನೊಂದು ಮೊರೇವಿಯನ್ ಊರಾದ ಉತ್ತರ ಕೆರೊಲಿನಾದ ಸೇಲಮ್‌ನಲ್ಲೂ ಮೊದಲು ಹಾಗೆಯೇ ಇತ್ತು. 1816ರಲ್ಲಿ ಅಲ್ಲಿನವರು ಕಪ್ಪುಜನರಿಗೆ ಬೇರೆ ಸ್ಮಶಾನ ಎಂದು ಗೊತ್ತುಮಾಡಿದರು. ಕೆಲವೇ ವರ್ಷಗಳಲ್ಲಿ ಸಭೆಯೂ ಬೇರೆಯಾಯಿತು. ಅಮೆರಿಕದ ದಕ್ಷಿಣ ಪ್ರಾಂತದ ಮೊರೇವಿಯನ್ ಚರ್ಚು ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿದ್ದು 2006ರಲ್ಲಿ.

ಇನ್ನು ಹಬ್ಬಗಳು. ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ಟ್ರಾಂಬೋನ್ ಊದುವವರು ಬೀದಿಗಳಲ್ಲಿ ಸುತ್ತಿ ಊರನ್ನು ಎಬ್ಬಿಸುತ್ತಾರೆ. ಜನ ಗುಡ್ಡ ಹತ್ತಿ ದೇವರ ಹೊಲದಲ್ಲಿ ಸೂರ್ಯ ಮೂಡುವುದನ್ನು ಕಾಯುತ್ತಾರೆ. 1732ರಲ್ಲಿ ಅವಿವಾಹಿತ ಸೋದರರ ಒಂದು ಗುಂಪು ಹಾಗೆ ಹೋದದ್ದೇ ಪದ್ಧತಿಯಾಯಿತು. ಹಬ್ಬದ ದಿನಗಳಲ್ಲಿ ‘ಪ್ರೀತಿಭೋಜನ’ ಇರುತ್ತದೆ. ಹೆಸರು ಕೇಳಿ ಭಾರೀ ಊಟವೆಂದುಕೊಳ್ಳಬೇಡಿ. ಸಭಾಂಗಣದ ಬೆಂಚಿನಲ್ಲಿ ಕೂತವರಿಗೆ ಒಂದು ಬನ್ನು, ಒಂದು ಲೋಟ ಚಹಾ, ಜೊತೆಗೆ ಹಾಡು. ಕ್ರಿಸ್ಮಸ್ ಮುನ್ನಾದಿನ ಮಕ್ಕಳ ಕೈಗೆ ಉರಿಯುವ ಮೇಣದಬತ್ತಿ ಕೊಡುವ ರೂಢಿ 1747ರದು.

ಹೆರ್ನ್‌ಹೂಟ್‌ನ ಹೆಸರನ್ನು ಹೆಚ್ಚು ದೂರ ಒಯ್ದದ್ದು ಅದರ ಕಾಗದದ ನಕ್ಷತ್ರ. ನಮ್ಮಲ್ಲಿ ಡಿಸೆಂಬರಿನಲ್ಲಿ ಮನೆಗಳ ಮುಂದೆ ತೂಗುವುದು ಸಾಮಾನ್ಯವಾಗಿ ಐದು ಮೂಲೆಯದು. ಇದು ಹಾಗಲ್ಲ, ಎಲ್ಲ ದಿಕ್ಕಿಗೂ ಮೊನೆ ಚಾಚಿದ್ದು. ಹತ್ತಿರದ ನೀಸ್ಕಿ ಊರಿನ ಮೊರೇವಿಯನ್ ಹುಡುಗರ ಶಾಲೆಯಲ್ಲಿ 19ನೇ ಶತಮಾನದ ಆರಂಭದಲ್ಲಿ ಇದು ಹುಟ್ಟಿತು, ಅದೂ ರೇಖಾಗಣಿತದ ಅಭ್ಯಾಸವಾಗಿ. 18 ಚೌಕ, 8 ತ್ರಿಕೋನ, ಒಟ್ಟು 26 ಮುಖಗಳ ಘನಾಕೃತಿ ತೆಗೆದುಕೊಳ್ಳಿ. ಮೇಲಿನ ಒಂದು ಚೌಕವನ್ನು ನೇತುಹಾಕಲು, ದೀಪ ಇಳಿಬಿಡಲು ಬಿಡಿ. ಉಳಿದ ಪ್ರತಿ ಮುಖಕ್ಕೂ ಕಾಗದದ ಒಂದೊಂದು ಮೊನೆ ಕೂಡಿಸಿದರೆ 25 ಮೊನೆಯ ನಕ್ಷತ್ರ ಸಿದ್ಧ. ಶಾಲೆಯ ವಸತಿಯಲ್ಲಿದ್ದ ಮಕ್ಕಳಲ್ಲಿ ಅನೇಕರ ತಂದೆತಾಯಿ ದೂರದೇಶದ ಮಿಷನ್‌ಗಳಲ್ಲಿದ್ದರು. ಕ್ರಿಸ್ಮಸ್‌ಗೆ ಮೊದಲ ನಾಲ್ಕು ವಾರದ ಆಡ್ವೆಂಟ್ ಶುರುವಾದ ಭಾನುವಾರ ಅವರು ನಕ್ಷತ್ರ ಜೋಡಿಸುತ್ತಿದ್ದರು. ಆ ಶತಮಾನದ ಕೊನೆಗೆ ವೆರ್‌ಬೀಕ್ ಎಂಬ ಪುಸ್ತಕ ವ್ಯಾಪಾರಿ ಹೆರ್ನ್‌ಹೂಟ್‌ನಲ್ಲಿ ಅದನ್ನು ಮಾರಾಟಕ್ಕಿಟ್ಟ. ಇವತ್ತಿಗೂ ಮೊನೆಗಳು ಬಿಡಿಬಿಡಿಯಾಗಿಯೇ ಡಬ್ಬಿಯಲ್ಲಿ ಬರುತ್ತವೆ. ವರ್ಷಕ್ಕೊಮ್ಮೆ ಮನೆಮಂದಿ ಕೂತು ಜೋಡಿಸಬೇಕು, ಹಬ್ಬ ಮುಗಿದ ಮೇಲೆ ಬಿಚ್ಚಿ ಎತ್ತಿಡಬೇಕು.

ಚೀಟಿಯ ಪದ್ಧತಿ ಪೂರ್ತಿ ಸತ್ತಿಲ್ಲ. 1728ರಲ್ಲಿ ಕೌಂಟ್ ಊರವರಿಗೆ ಮರುದಿನಕ್ಕೆಂದು ಒಂದು ವಾಕ್ಯ ಕೊಡಲು ಶುರುಮಾಡಿದ. ಅದನ್ನು ಮನೆಮನೆಗೆ ಹೋಗಿ ಹೇಳಿಬರುತ್ತಿದ್ದರು. 1731ರಿಂದ ವರ್ಷದ ಎಲ್ಲ ದಿನದ ವಚನಗಳೂ ಪುಸ್ತಕವಾಗಿ ಅಚ್ಚಾಗುತ್ತಿವೆ. ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳಿಗೆ ಸಂಖ್ಯೆ ಕೊಟ್ಟು, ಚೀಟಿಗಳನ್ನು ಬಟ್ಟಲಿಗೆ ಹಾಕಿ, ಹೆರ್ನ್‌ಹೂಟ್‌ನಲ್ಲಿ ದಿನಕ್ಕೊಂದರಂತೆ ಎತ್ತುತ್ತಾರೆ. ಅನುವಾದಕ್ಕೆ ಸಮಯ ಬೇಕೆಂದು ಮೂರು ವರ್ಷ ಮುಂಚೆಯೇ ಈ ಕೆಲಸ ನಡೆಯುತ್ತದೆ. 50ಕ್ಕೂ ಹೆಚ್ಚು ಭಾಷೆಗಳಲ್ಲಿ ಬರುವ ಆ ಪುಸ್ತಕವನ್ನು ಮೊರೇವಿಯನ್ನರಿಗಿಂತ ಬೇರೆ ಪ್ರೊಟೆಸ್ಟೆಂಟರೇ ಹೆಚ್ಚು ಓದುತ್ತಾರೆ.

1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಗಳಿಗೆಯಲ್ಲಿ, ಹೆರ್ನ್‌ಹೂಟ್‌ನ ನಡುಭಾಗ ಬೆಂಕಿಗೆ ಬಿತ್ತು. ಸಭಾಂಗಣ ಸುಟ್ಟಿತು. ನಂತರ ನಾಲ್ಕು ದಶಕ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತ. ನಕ್ಷತ್ರದ ಕಾರ್ಖಾನೆಯೂ ಸರ್ಕಾರದ ಕೈಗೆ ಹೋಗಿ, ಜರ್ಮನಿ ಒಂದಾದ ಮೇಲೆ ಚರ್ಚಿಗೆ ಮರಳಿತು. ಸಭಾಂಗಣವನ್ನು 1950ರ ದಶಕದಲ್ಲೇ ಅದೇ ಬಿಳಿ ಬೆಂಚುಗಳೊಂದಿಗೆ ಮತ್ತೆ ಕಟ್ಟಿಕೊಂಡಿದ್ದರು. ಈ ನಡುವೆ ಸಭೆಯ ಭಾರವೆಲ್ಲ ಬೇರೆಡೆಗೆ ಸರಿದಿದೆ. ಪ್ರಪಂಚದ ಮೊರೇವಿಯನ್ನರು ಹತ್ತು ಲಕ್ಷ ಮೀರಿದ್ದಾರೆ. ಅವರಲ್ಲಿ ಬಹುಪಾಲು ಆಫ್ರಿಕಾದವರು, ಅದರಲ್ಲೂ ತಾಂಜಾನಿಯಾದವರು. ಜರ್ಮನಿಯವರ ಲೆಕ್ಕ ಕೆಲವೇ ಸಾವಿರ.

ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಛಾವಣಿಯ ಹಂಚು, ಕಿಟಕಿಯ ಅಳತೆ, ಮರದ ಸಾಲು ಎಲ್ಲಕ್ಕೂ ಕಾನೂನಿನ ಕಾವಲು ಬರುತ್ತದೆ. ಬರಲಿ. ಆದರೆ ಈ ಊರುಗಳ ಇತಿಹಾಸ ಓದಿದವರಿಗೆ ನಷ್ಟ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಹೆರ್ನ್‌ಹೂಟ್ ಸುಟ್ಟಿತು, ಅಚ್ಚು ಉಳಿದಿತ್ತು, ಹಾಗಾಗಿ ಮತ್ತೆ ಎದ್ದಿತು. ಸೇಲಮ್‌ನಲ್ಲಿ 1816ರಲ್ಲಿ ಒಂದು ಇಟ್ಟಿಗೆಯೂ ಬೀಳಲಿಲ್ಲ. ಸಾಲಿನಲ್ಲಿ ಮುಂದಿನ ಜಾಗ ಯಾರಿಗೆ ಎಂಬ ಪ್ರಶ್ನೆಗೆ ಊರವರು ಬೇರೆ ಉತ್ತರ ಕೊಟ್ಟರು, ಅಷ್ಟೇ. ಆ ಉತ್ತರವನ್ನು ತಡೆಯುವ ಅಧಿಕಾರ ಯಾವ ಸಂರಕ್ಷಣಾ ಇಲಾಖೆಗೂ ಇಲ್ಲ. ಅದು ಅವತ್ತೂ ಸಭೆಯವರ ಕೈಯಲ್ಲಿತ್ತು, ಇವತ್ತೂ ಅವರ ಕೈಯಲ್ಲೇ ಇದೆ.